ಸರಿಪಡಿಸುವ ಪದಗಳ ಚರಿತ್ರೆ



ಕೆಟ್ಟುಹೋದುದನ್ನು ಮತ್ತೆ ಉಪಯೋಗಕ್ಕೆ ತರುವುದು ಮಾನವನು ಕಲಿತ ಅತ್ಯಂತ ಹಳೆಯ ವಿದ್ಯೆಗಳಲ್ಲಿ ಒಂದು. ಈ ವಿದ್ಯೆಗೆ ನಮ್ಮ ಭಾಷೆಯಲ್ಲಿ ಒಂದೇ ಹೆಸರಿಲ್ಲ. ಹರಿದ ಬಟ್ಟೆಗೆ ತೇಪೆ ಹಾಕುತ್ತೇವೆ; ಸೋರುವ ಪಾತ್ರೆಗೆ ಬೆಸುಗೆ ಹಾಕಿಸುತ್ತೇವೆ; ಗಡಿಯಾರವನ್ನು ರಿಪೇರಿಗೆ ಕೊಡುತ್ತೇವೆ; ರಸ್ತೆಯನ್ನು ದುರಸ್ತಿ ಮಾಡಿಸುತ್ತೇವೆ; ಹಳೆಯ ದೇವಾಲಯದ ಜೀರ್ಣೋದ್ಧಾರ ಕೈಗೊಳ್ಳುತ್ತೇವೆ. 'ದುರಸ್ತಿ' ಪಾರಸಿಯಿಂದ ಬಂತು, 'ಜೀರ್ಣೋದ್ಧಾರ' ಸಂಸ್ಕೃತದಿಂದ, 'ರಿಪೇರಿ' ಇಂಗ್ಲಿಷಿನಿಂದ. ಬಂದ ದಾರಿ ಬೇರೆಯಾದರೂ ಮೂರೂ ಪದಗಳು ನಮ್ಮಲ್ಲಿ ತಮ್ಮ ತಮ್ಮ ಸ್ಥಾನವನ್ನು ಕಂಡುಕೊಂಡಿವೆ. ಗಡಿಯಾರದ ಜೀರ್ಣೋದ್ಧಾರವೆಂದು ಯಾರೂ ಹೇಳುವುದಿಲ್ಲ.

ಇಂಗ್ಲಿಷಿನಲ್ಲಿಯೂ ಹೀಗೆಯೇ. ಮೆಂಡ್, ರಿಪೇರ್, ರೆಸ್ಟೋರ್, ರೆನೊವೇಟ್, ಫಿಕ್ಸ್ ಎಂಬ ಪದಗಳಿಗೆಲ್ಲ ನಮ್ಮ ಮಕ್ಕಳು ಶಾಲೆಯಲ್ಲಿ 'ಸರಿಪಡಿಸು' ಎಂಬ ಒಂದೇ ಅರ್ಥವನ್ನು ಬರೆದುಕೊಳ್ಳುತ್ತಾರೆ. ಅದು ತಪ್ಪೇನಲ್ಲ, ಆದರೆ ಪೂರ್ಣವೂ ಅಲ್ಲ. ಈ ಒಂದೊಂದು ಪದದ ಹಿಂದೆಯೂ ಒಂದೊಂದು ನೋಟವಿದೆ. ಅವುಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿದ ಕಾರಣಕ್ಕೆ ಇಂಗ್ಲೆಂಡಿನ ನೂರಾರು ಚರ್ಚುಗಳು ತಮ್ಮ ಶತಮಾನಗಳ ನೆನಪನ್ನು ಕಳೆದುಕೊಂಡ ಕಾಲವೊಂದಿತ್ತು. ಆ ಚರಿತ್ರೆಯನ್ನು ತಿಳಿಯುವುದು ನಮಗೂ ಪ್ರಯೋಜನಕರ; ಏಕೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿಯೂ ಹಳೆಯ ಗೋಡೆಗಳಿವೆ, ನಮ್ಮ ಮನೆಗಳಲ್ಲಿಯೂ ಎಡವಿದ ಮನುಷ್ಯರಿದ್ದಾರೆ.

ಐದು ಪದಗಳು, ಐದು ಪ್ರಶ್ನೆಗಳು

ಮೊದಲು 'ಮೆಂಡ್' ಪದವನ್ನು ನೋಡೋಣ. ಲತೀನ್ ಭಾಷೆಯಲ್ಲಿ 'ಮೆಂಡಾ' ಎಂದರೆ ದೋಷ, ಕಲೆ. ದೋಷವನ್ನು ಹೊರತೆಗೆಯುವುದು 'ಎಮೆಂಡಾರೆ'. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು 'ಅಮೆಂಡ್' ಆಯಿತು. ಮುಂದಿನ ಅಕ್ಷರ ಉದುರಿ 'ಮೆಂಡ್' ಆಯಿತು. ಆದುದರಿಂದ ಮೆಂಡ್ ಮಾಡುವವನ ಕಣ್ಣು ದೋಷದ ಮೇಲಿರುತ್ತದೆ: ಹರಿದದ್ದು ಎಲ್ಲಿ? ಕಾಲುಚೀಲ, ಬೇಲಿ, ಬಲೆ ಇವುಗಳಿಗೆ ಈ ಪದ ಸಲ್ಲುತ್ತದೆ. ಹಾಗೆಯೇ ಕೆಟ್ಟ ನಡತೆಗೂ, ಮುರಿದ ಸ್ನೇಹಕ್ಕೂ ಸಲ್ಲುತ್ತದೆ. ಸಂವಿಧಾನದ 'ಅಮೆಂಡ್‌ಮೆಂಟ್' ಎಂದು ನಾವು ಕೇಳುವ ಮಾತೂ ಇದೇ ಬೇರಿನದು.

'ರಿಪೇರ್' ಪದದ ಮೂಲ ಲತೀನಿನ 'ರೆಪಾರಾರೆ'. ಮತ್ತೆ ಸಿದ್ಧಗೊಳಿಸುವುದು ಎಂದು ಅರ್ಥ. ಇಲ್ಲಿ ಕಣ್ಣು ಕೆಲಸದ ಮೇಲಿದೆ: ಇದು ಮತ್ತೆ ತನ್ನ ಸೇವೆಯನ್ನು ಮಾಡಬಲ್ಲುದೇ? ಹಡಗು, ಮಾಡು, ಯಂತ್ರ, ಸೇತುವೆ ಇವು ರಿಪೇರ್ ಆಗುತ್ತವೆ. ಇದೇ ಬೇರಿನಿಂದ ಬಂದ 'ರೆಪರೇಷನ್' ಎಂಬ ಪದ ಮಾಡಿದ ಹಾನಿಗೆ ತೆರುವ ಪರಿಹಾರವನ್ನು ಸೂಚಿಸುತ್ತದೆ. ಮೊದಲನೆಯ ಮಹಾಯುದ್ಧದ ಬಳಿಕ 1919ರ ವರ್ಸೇಲ್ಸ್ ಒಪ್ಪಂದವು ಜರ್ಮನಿಯ ಮೇಲೆ ಹೊರಿಸಿದ ಪರಿಹಾರದ ಹೊರೆಗೂ ಇದೇ ಹೆಸರು. ಯೇಸುವಿನ ಪವಿತ್ರ ಹೃದಯಕ್ಕೆ ಸಲ್ಲಿಸುವ ಪ್ರಾಯಶ್ಚಿತ್ತದ ಕುರಿತು ಹನ್ನೊಂದನೆಯ ಭಕ್ತಿನಾಥ ಜಗದ್ಗುರುಗಳು 1928ರಲ್ಲಿ ಹೊರಡಿಸಿದ ವಿಶ್ವಪತ್ರದ ಇಂಗ್ಲಿಷ್ ಅನುವಾದದಲ್ಲಿಯೂ ಇದೇ ಪದ.

'ರೆಸ್ಟೋರ್' ಹಿಂದಕ್ಕೆ ನೋಡುತ್ತದೆ: ಇದು ಮೊದಲು ಹೇಗಿತ್ತು, ಯಾರದಾಗಿತ್ತು? ಕಳುವಾದ ವಸ್ತುವನ್ನು ಒಡೆಯನಿಗೆ ಹಿಂದಿರುಗಿಸುವುದೂ ರೆಸ್ಟೋರ್, ಕುರುಡನಿಗೆ ದೃಷ್ಟಿ ಮರಳುವುದೂ ರೆಸ್ಟೋರ್. 1660ರಲ್ಲಿ ಎರಡನೆಯ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ ಘಟನೆಯನ್ನು ಇಂಗ್ಲಿಷರು 'ರೆಸ್ಟೊರೇಷನ್' ಎಂದೇ ಕರೆದರು. 'ರೆನೊವೇಟ್' ಇದಕ್ಕೆ ವಿರುದ್ಧ ದಿಕ್ಕಿನದು. ಲತೀನಿನ 'ನೋವುಸ್', ಅಂದರೆ ಹೊಸದು, ಅದರೊಳಗಿದೆ. ಹಳೆಯದನ್ನು ಹೊಸದಾಗಿಸುವುದು ಹೇಗೆ ಎಂಬುದೇ ಅದರ ಪ್ರಶ್ನೆ.

ಇನ್ನು 'ಫಿಕ್ಸ್'. ಇಂದು ಎಲ್ಲರ ಬಾಯಲ್ಲಿರುವ ಈ ಪದವು ಸರಿಪಡಿಸುವುದು ಎಂಬ ಅರ್ಥದಲ್ಲಿ ಬಹಳ ಹಳೆಯದಲ್ಲ. ಅದರ ಮೂಲಾರ್ಥ ಭದ್ರವಾಗಿ ನೆಡುವುದು, ಮೊಳೆ ಹೊಡೆದು ನಿಲ್ಲಿಸುವುದು. ಹದಿನೆಂಟನೆಯ ಶತಮಾನದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಅದು ಸರಿಪಡಿಸುವಿಕೆಗೂ ಅನ್ವಯವಾಗತೊಡಗಿತು. 1842ರಲ್ಲಿ ಅಮೆರಿಕವನ್ನು ಸುತ್ತಿದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಅಲ್ಲಿನವರು ಈ ಒಂದು ಪದದಿಂದ ಎಷ್ಟೊಂದು ಕೆಲಸ ಮಾಡಿಸಿಕೊಳ್ಳುತ್ತಾರೆಂದು ತಮ್ಮ ಪ್ರವಾಸ ಗ್ರಂಥದಲ್ಲಿ ವಿನೋದದಿಂದ ಬರೆದಿದ್ದಾರೆ. ಕ್ರೈಸ್ತರಾದ ನಮಗೆ ಈ ಪದದ ಹಳೆಯ ಅರ್ಥ ಅಪರಿಚಿತವಲ್ಲ. ನಮ್ಮ ಮನೆಯ ಗೋಡೆಯ ಮೇಲಿರುವ 'ಕ್ರೂಸಿಫಿಕ್ಸ್' ಎಂದರೆ ಶಿಲುಬೆಗೆ ಫಿಕ್ಸ್ ಆದವನು, ಮೊಳೆಗಳಿಂದ ನೆಡಲ್ಪಟ್ಟವನು ಎಂದೇ ಅರ್ಥ.

ಪದಗಳಿಗೂ ಏಳುಬೀಳುಗಳಿವೆ. 'ಬಾಚ್' ಎಂಬ ಇಂಗ್ಲಿಷ್ ಪದ ಮೊದಲು ಸರಿಪಡಿಸುವುದು, ತೇಪೆ ಹಾಕುವುದು ಎಂಬ ಗೌರವದ ಅರ್ಥದಲ್ಲೇ ಇತ್ತು. ಕಾಲಕ್ರಮದಲ್ಲಿ ಒಳ್ಳೆಯದನ್ನು ಮಾಡಹೋಗಿ ಕೆಡಿಸುವುದು ಎಂಬುದೇ ಅದರ ಅರ್ಥವಾಗಿ ನಿಂತಿತು. ಸರಿಪಡಿಸಲು ಹೋದವರೇ ಹಾಳುಮಾಡಬಲ್ಲರು ಎಂಬ ಅನುಭವ ಆ ಜನರಿಗೆ ಸಾಕಷ್ಟಿತ್ತೆಂದು ತೋರುತ್ತದೆ.

ಬಲೆಯೂ ಮನುಷ್ಯನೂ

ಈ ಪದಗಳು ಇಂಗ್ಲಿಷರ ಬದುಕಿನಲ್ಲಿ ಆಳವಾಗಿ ಬೇರೂರಲು ಪವಿತ್ರ ಗ್ರಂಥದ ಅನುವಾದಗಳೂ ಕಾರಣವಾದವು. ಸಂತ ಮತ್ತಾಯನ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಯಾಕೋಬ ಮತ್ತು ಯೊವಾನ್ನರನ್ನು ಕರೆದಾಗ ಅವರು ತಂದೆ ಜೆಬೆದಾಯನೊಡನೆ ದೋಣಿಯಲ್ಲಿ ಕುಳಿತು ಬಲೆಗಳನ್ನು ಸರಿಪಡಿಸುತ್ತಿದ್ದರು. ಅಲ್ಲಿ ಬಳಕೆಯಾದ ಗ್ರೀಕ್ ಪದ 'ಕತಾರ್ತಿಜೋ'. ಬೆಸ್ತರಿಗೆ ಅದು ಹರಿದ ಬಲೆಯನ್ನು ಮತ್ತೆ ಮೀನು ಹಿಡಿಯುವಂತೆ ಅಣಿಗೊಳಿಸುವ ಕೆಲಸ. ಗ್ರೀಕ್ ವೈದ್ಯರ ಬಳಕೆಯಲ್ಲಿ ಕೀಲು ತಪ್ಪಿದ ಮೂಳೆಯನ್ನು ಅದರ ಸ್ಥಾನಕ್ಕೆ ಕೂಡಿಸುವ ಕೆಲಸ.

ಸಂತ ಪೌಲನು ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದ ಆರಂಭದಲ್ಲಿ ಇದೇ ಪದವನ್ನು ಮನುಷ್ಯನಿಗೆ ಅನ್ವಯಿಸುತ್ತಾನೆ. ಸಹೋದರನೊಬ್ಬನು ತಪ್ಪಿನಲ್ಲಿ ಸಿಕ್ಕಿಬಿದ್ದರೆ ಅವನನ್ನು ಸೌಮ್ಯತೆಯಿಂದ 'ಕತಾರ್ತಿಜೋ' ಮಾಡಿರಿ ಎಂಬುದು ಅವನ ಬೋಧನೆ. ಈ ಒಂದು ಪದವನ್ನು ಇಂಗ್ಲಿಷಿಗೆ ತರುವಾಗ ಅನುವಾದಕರು ಬೇರೆ ಬೇರೆ ದಾರಿ ಹಿಡಿದರು. 1526ರಲ್ಲಿ ಜರ್ಮನಿಯ ವರ್ಮ್ಸ್ ನಗರದಲ್ಲಿ ಅಚ್ಚಾದ ತಮ್ಮ ಹೊಸ ಒಡಂಬಡಿಕೆಯಲ್ಲಿ ವಿಲಿಯಂ ಟಿಂಡೇಲ್ ಬಲೆಗೆ 'ಮೆಂಡ್' ಎಂದೂ ಮನುಷ್ಯನಿಗೆ 'ಅಮೆಂಡ್' ಎಂದೂ ಬಳಸಿದರು. ಎರಡೂ ಒಂದೇ ಬೇರಿನ ಪದಗಳಾದುದರಿಂದ ಗ್ರೀಕ್ ಮೂಲದ ನಂಟು ಅಲ್ಲಿ ಉಳಿಯಿತು. ಲತೀನ್ ವುಲ್ಗಾತಾವನ್ನು ಅನುಸರಿಸಿದ 1582ರ ಕಥೋಲಿಕ ರೀಮ್ಸ್ ಅನುವಾದ, ತಪ್ಪಿದವನಿಗೆ ಉಪದೇಶಿಸಿರಿ ಎಂಬ ಅರ್ಥದ 'ಇನ್‌ಸ್ಟ್ರಕ್ಟ್' ಪದವನ್ನು ಆರಿಸಿತು. 1611ರ ಜೇಮ್ಸ್ ರಾಜನ ಅನುವಾದ ಬಲೆಗೆ 'ಮೆಂಡ್' ಉಳಿಸಿಕೊಂಡು ಮನುಷ್ಯನಿಗೆ 'ರೆಸ್ಟೋರ್' ಎಂದಿತು.

ಈ ಮೂರು ಆಯ್ಕೆಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಒಂದು ಪದ, ಅವನ ದೋಷ ಎಲ್ಲಿದೆ ಎಂದು ನೋಡು ಎನ್ನುತ್ತದೆ. ಇನ್ನೊಂದು, ಅವನಿಗೆ ದಾರಿ ತೋರಿಸು ಎನ್ನುತ್ತದೆ. ಮತ್ತೊಂದು, ಅವನು ಕಳೆದುಕೊಂಡ ಸ್ಥಾನವನ್ನು ಅವನಿಗೆ ಹಿಂದಿರುಗಿಸು ಎನ್ನುತ್ತದೆ. ಮೂರೂ ಸತ್ಯವೇ. ಆದರೆ ಮೂರರ ಅಡಿಯಲ್ಲಿಯೂ ಇರುವುದು ಬೆಸ್ತನ ಕೈ. ಬಲೆಯನ್ನು ಸರಿಪಡಿಸುವವನು ಬಲೆಯನ್ನು ಬೈಯುವುದಿಲ್ಲ, ಎಸೆಯುವುದಿಲ್ಲ. ಹರಿಯದೆ ಉಳಿದ ಎಳೆಗಳಿಗೇ ಹೊಸ ಎಳೆಯನ್ನು ಗಂಟು ಹಾಕುತ್ತಾನೆ.

ಹಳೆಯ ಇಂಗ್ಲಿಷಿನಲ್ಲಿ ಇನ್ನೊಂದು ಸುಂದರವಾದ ಪದವಿತ್ತು. ಸಾವಿರ ವರ್ಷಗಳ ಹಿಂದೆ ಆ ಭಾಷೆಯಲ್ಲಿ ಯೇಸುವಿನ ನಾಮಕ್ಕೆ ಬದಲಾಗಿ 'ಹ್ಯಾಲೆಂಡ್', ಅಂದರೆ ಗುಣಪಡಿಸುವವನು, ಎಂದು ಬರೆಯುತ್ತಿದ್ದರು. ಇಂದಿನ 'ಹೀಲ್' ಅದರ ಬಳಗದ ಪದ. ಇಡಿಯಾದುದು ಎಂಬ ಅರ್ಥದ 'ಹೋಲ್', ಪವಿತ್ರ ಎಂಬ ಅರ್ಥದ 'ಹೋಲಿ' ಇವೂ ಅದೇ ಬೇರಿನವು. ವಸ್ತುವನ್ನು ಹೊರಗಿನವನು ರಿಪೇರಿ ಮಾಡಬೇಕು. ಜೀವವಿರುವುದು ಒಳಗಿನಿಂದಲೇ ಗುಣವಾಗುತ್ತದೆ. ಈ ಭೇದವನ್ನು ಆ ಭಾಷೆ ಮೊದಲಿನಿಂದಲೂ ಕಾಪಾಡಿಕೊಂಡು ಬಂದಿದೆ.

ಪ್ರೀತಿಯಿಂದ ಆದ ನಾಶ

ಈಗ ಇಂಗ್ಲೆಂಡಿನ ಚರ್ಚುಗಳ ಕಥೆಗೆ ಬರೋಣ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ವಯಟ್ ಎಂಬ ಹೆಸರಾಂತ ವಾಸ್ತುಶಿಲ್ಪಿಗೆ ಸಾಲ್ಸ್‌ಬರಿಯ ಪ್ರಧಾನಾಲಯವನ್ನು ಉತ್ತಮಪಡಿಸುವ ಕೆಲಸ ಒಪ್ಪಿಸಲಾಯಿತು. 1789ರಿಂದ 1792ರವರೆಗೆ ನಡೆದ ಆ ಕಾರ್ಯದಲ್ಲಿ ಪ್ರತ್ಯೇಕವಾಗಿ ನಿಂತಿದ್ದ ಮಧ್ಯಯುಗದ ಗಂಟೆಗೋಪುರವನ್ನು ಕೆಡವಲಾಯಿತು; ಎರಡು ಹಳೆಯ ಪ್ರಾರ್ಥನಾ ಮಂದಿರಗಳು ಹೋದವು; ಸಮಾಧಿಗಳನ್ನು ಅವುಗಳ ಸ್ಥಳದಿಂದ ಕಿತ್ತು ಕಂಬಗಳ ನಡುವೆ ಸಾಲಾಗಿ ಜೋಡಿಸಲಾಯಿತು. ನೋಟ ಅಚ್ಚುಕಟ್ಟಾಯಿತು. ಆದರೆ ಯಾರು ಎಲ್ಲಿ, ಏಕೆ ಮಲಗಿದ್ದರೆಂಬ ಕಥೆ ಅಳಿಸಿಹೋಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೆಲಸಕ್ಕೆ 'ರೆಸ್ಟೊರೇಷನ್' ಎಂಬ ಗೌರವದ ಹೆಸರು ದೊರೆಯಿತು. 1839ರಲ್ಲಿ ಕೇಂಬ್ರಿಡ್ಜಿನಲ್ಲಿ ಭಕ್ತಿವಂತ ವಿದ್ಯಾರ್ಥಿಗಳು ಸ್ಥಾಪಿಸಿದ ಕ್ಯಾಮ್ಡೆನ್ ಸಂಘವು ಚರ್ಚುಗಳ ಕಟ್ಟಡ ಮತ್ತು ಅಲಂಕಾರಗಳನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿತು. ಹದಿನಾಲ್ಕನೆಯ ಶತಮಾನದ ಆರಂಭದ ಗೋಥಿಕ್ ಶೈಲಿಯೇ ಶ್ರೇಷ್ಠವೆಂದು ಅದು ನಂಬಿತ್ತು. ಹಾಗಾಗಿ ಅನೇಕ ಕಡೆ ರೆಸ್ಟೋರ್ ಮಾಡುವುದೆಂದರೆ ಬೇರೆ ಶತಮಾನಗಳು ಸೇರಿಸಿದ್ದನ್ನು ಕಿತ್ತುಹಾಕಿ, ತಮಗೆ ಮೆಚ್ಚಾದ ಶತಮಾನದಂತೆ ಕಾಣುವ ಹೊಸ ಕಲ್ಲನ್ನು ಇಡುವುದು ಎಂದಾಯಿತು. ಫ್ರಾನ್ಸಿನ ವಾಸ್ತುಶಿಲ್ಪಿ ವಿಯೊಲೆ-ಲ-ಡ್ಯೂಕ್ ಇದನ್ನು ಮುಚ್ಚುಮರೆಯಿಲ್ಲದೆ ಬರೆದರು. ಕಟ್ಟಡವನ್ನು ರೆಸ್ಟೋರ್ ಮಾಡುವುದೆಂದರೆ ಅದು ಹಿಂದೆಂದೂ ಇದ್ದಿರಲಾರದಂಥ ಪರಿಪೂರ್ಣ ಸ್ಥಿತಿಗೆ ಅದನ್ನು ತರುವುದು ಎಂಬುದು ಅವರ ವಿವರಣೆಯ ಸಾರ.

ಇಂಗ್ಲೆಂಡಿನಲ್ಲಿ ಗೋಡೆಗಳ ಹಳೆಯ ಗಾರೆಯನ್ನು ಕೆರೆದು ಬರಿಗಲ್ಲನ್ನು ತೋರಿಸುವ ವಾಡಿಕೆ ಹಬ್ಬಿತು. ಇಲ್ಲಿ ದುಃಖಕರವಾದ ಒಂದು ಸಂಗತಿಯನ್ನು ಗಮನಿಸಬೇಕು. ಹದಿನಾರನೆಯ ಶತಮಾನದ ಮತಸುಧಾರಣೆಯ ಕಾಲದಲ್ಲಿ ಸಂತರ ಭಿತ್ತಿಚಿತ್ರಗಳನ್ನು ಒಪ್ಪದವರು ಅವುಗಳ ಮೇಲೆ ಸುಣ್ಣ ಬಳಿದಿದ್ದರು. ಸುಣ್ಣದ ಅಡಿಯಲ್ಲಿ ಅನೇಕ ಚಿತ್ರಗಳು ಮುನ್ನೂರು ವರ್ಷ ಹಾಗೆಯೇ ಉಳಿದಿದ್ದವು. ಮಧ್ಯಯುಗವನ್ನು ಪ್ರೀತಿಸಿದ ರೆಸ್ಟೋರ್ ಮಾಡುವವರು ಬಂದು ಗಾರೆಯನ್ನೇ ಕೆರೆದಾಗ ಅವು ಎಂದೆಂದಿಗೂ ಹೋದವು. ವಿರೋಧಿಗಳು ಮುಚ್ಚಿ ಉಳಿಸಿದ್ದನ್ನು ಅಭಿಮಾನಿಗಳು ತೆರೆದು ಅಳಿಸಿದರು.

ಇದರ ವಿರುದ್ಧ ಮೊದಲು ದನಿಯೆತ್ತಿದವರಲ್ಲಿ ಜಾನ್ ರಸ್ಕಿನ್ ಪ್ರಮುಖರು. 1849ರಲ್ಲಿ ಪ್ರಕಟವಾದ ವಾಸ್ತುಶಿಲ್ಪದ ಏಳು ದೀಪಗಳನ್ನು ಕುರಿತ ಗ್ರಂಥದಲ್ಲಿ ಅವರು, ಸತ್ತವರನ್ನು ಎಬ್ಬಿಸುವುದು ಮನುಷ್ಯನಿಗೆ ಹೇಗೆ ಅಸಾಧ್ಯವೋ ಹಾಗೆಯೇ ಹಳೆಯ ಕಟ್ಟಡವನ್ನು ರೆಸ್ಟೋರ್ ಮಾಡುವುದೂ ಅಸಾಧ್ಯ ಎಂದು ವಾದಿಸಿದರು. ಹಳೆಯ ಕಟ್ಟಡಗಳು ನಮ್ಮ ಸ್ವತ್ತಲ್ಲ. ಅವು ಕಟ್ಟಿದವರಿಗೂ ಮುಂದೆ ಬರುವವರಿಗೂ ಸೇರಿದವು ಎಂಬುದು ಅವರ ನಿಲುವು.

1877ರಲ್ಲಿ ಟ್ಯೂಕ್ಸ್‌ಬರಿಯ ಪುರಾತನ ಮಠದೇವಾಲಯವನ್ನು ಸರ್ ಗಿಲ್ಬರ್ಟ್ ಸ್ಕಾಟ್ ರೆಸ್ಟೋರ್ ಮಾಡಲಿದ್ದಾರೆಂಬ ಸುದ್ದಿ ತಿಳಿದು, ಕವಿಯೂ ವಿನ್ಯಾಸಕಾರರೂ ಆಗಿದ್ದ ವಿಲಿಯಂ ಮೋರಿಸ್ ಪತ್ರಿಕೆಯೊಂದಕ್ಕೆ ತೀವ್ರವಾದ ಪತ್ರ ಬರೆದರು. ಅದೇ ಮಾರ್ಚ್ ತಿಂಗಳಲ್ಲಿ ಪುರಾತನ ಕಟ್ಟಡಗಳ ರಕ್ಷಣಾ ಸಂಘ ಸ್ಥಾಪನೆಯಾಯಿತು. ಕೆರೆಯುವುದನ್ನು ವಿರೋಧಿಸಿದ ಕಾರಣ ಜನ ಅದನ್ನು 'ಆಂಟಿ-ಸ್ಕ್ರೇಪ್' ಎಂದು ಕರೆದರು. ಸಂಘದ ಬೇಡಿಕೆ ಒಂದು ಪದವನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಾಗಿತ್ತು: ರೆಸ್ಟೋರ್ ಮಾಡಬೇಡಿ, ರಿಪೇರ್ ಮಾಡಿ. ದಿನನಿತ್ಯದ ಆರೈಕೆಯಿಂದ ಶಿಥಿಲತೆಯನ್ನು ತಡೆಯಿರಿ. ಬಾಗಿದ ಗೋಡೆಗೆ ಊರೆ ಕೊಡಿ. ಸೋರುವ ಮಾಡನ್ನು ಮುಚ್ಚಿರಿ. ಆದರೆ ಹಳೆಯದರಂತೆ ನಟಿಸುವ ಹೊಸದನ್ನು ಇಡಬೇಡಿ. ಈ ಸಂಘದವರು ಸವೆದ ಕಲ್ಲಿನ ಜಾಗದಲ್ಲಿ ಹಂಚಿನ ತುಂಡುಗಳನ್ನು ಗಾರೆಯಲ್ಲಿ ಜೋಡಿಸಿ ಭದ್ರಪಡಿಸುವ ಪದ್ಧತಿಯನ್ನು ರೂಢಿಗೆ ತಂದರು. ಅಲ್ಲಿ ತೇಪೆ ತೇಪೆಯಾಗಿಯೇ ಕಾಣುತ್ತಿತ್ತು. ಅದು ಸುಳ್ಳು ಹೇಳುತ್ತಿರಲಿಲ್ಲ.

ನ್ಯಾಯವಾಗಿ ಹೇಳಬೇಕಾದರೆ ರೆಸ್ಟೋರ್ ಮಾಡಿದವರೆಲ್ಲ ನಾಶಕರಲ್ಲ. 1870ರಲ್ಲಿ ಸೇಂಟ್ ಆಲ್ಬನ್ಸ್ ದೇವಾಲಯದ ನಡುಗೋಪುರ ಕುಸಿಯುವ ಸ್ಥಿತಿಗೆ ಬಂದಾಗ ಅದನ್ನು ಉಳಿಸಿದವರು ಇದೇ ಸ್ಕಾಟ್. ಅವರ ನಂತರ ಲಾರ್ಡ್ ಗ್ರಿಮ್‌ಥಾರ್ಪ್ ಎಂಬ ಶ್ರೀಮಂತರು ತಮ್ಮ ಸ್ವಂತ ಹಣವನ್ನು ಧಾರಾಳವಾಗಿ ಸುರಿದು ಅದೇ ದೇವಾಲಯದ ಪಶ್ಚಿಮ ಮುಖವನ್ನು ತಮ್ಮದೇ ನಕ್ಷೆಯಂತೆ ಹೊಸದಾಗಿ ಕಟ್ಟಿಸಿದರು. ಹಣವಿಲ್ಲದೆ ಸೊರಗಿದ್ದ ಆ ದೇವಾಲಯಕ್ಕೆ ಅವರ ನೆರವು ಬೇಕಾಗಿತ್ತು ನಿಜ. ಆದರೆ ಅವರ ಅಭಿರುಚಿಯ ಮುಂದೆ ಹಿಂದಿನವರ ಕೆಲಸ ನಿಲ್ಲಲಿಲ್ಲ. ಹಣದ ಬಲದಿಂದ ಹಳೆಯದನ್ನು ವಿವೇಚನೆಯಿಲ್ಲದೆ ಬದಲಿಸುವುದಕ್ಕೆ 'ಗ್ರಿಮ್‌ಥಾರ್ಪ್' ಎಂಬ ಕ್ರಿಯಾಪದವೇ ಹುಟ್ಟಿ ನಿಘಂಟನ್ನು ಸೇರಿತು! ದಾನಿಯ ಹೆಸರು ಕಲ್ಲಿನ ಮೇಲೆ ಉಳಿಯುವುದುಂಟು. ಹೀಗೆ ಭಾಷೆಯಲ್ಲಿ ಉಳಿಯುವುದು ಅಪರೂಪ.

ನಂತರದ ಕಾಲದಲ್ಲಿ ಈ ಪದಗಳಿಗೆ ಸ್ಪಷ್ಟವಾದ ಗೆರೆಗಳನ್ನು ಎಳೆಯುವ ಪ್ರಯತ್ನ ನಡೆಯಿತು. 1979ರಲ್ಲಿ ಆಸ್ಟ್ರೇಲಿಯದ ಬರ್ರಾ ಎಂಬ ಊರಿನಲ್ಲಿ ಪಾರಂಪರಿಕ ತಾಣಗಳ ತಜ್ಞರು ಅಂಗೀಕರಿಸಿದ ಸನ್ನದು ಇದಕ್ಕೆ ಒಳ್ಳೆಯ ನಿದರ್ಶನ. ಮಾಡಿನ ನೀರು ಹರಿಯುವ ದೋಣಿಯನ್ನು ಆಗಾಗ ನೋಡಿ ಶುಚಿಗೊಳಿಸಿದರೆ ಅದು ನಿರ್ವಹಣೆ. ಸ್ಥಳ ತಪ್ಪಿದ ಅದರ ಭಾಗವನ್ನು ಮೊದಲಿನ ಜಾಗಕ್ಕೆ ತಂದರೆ ಅದು ಪುನಃಸ್ಥಾಪನೆಯ ರಿಪೇರಿ. ಕೊಳೆತುದನ್ನು ತೆಗೆದು ಹೊಸದನ್ನು ಹಾಕಿದರೆ ಅದು ಪುನರ್ನಿರ್ಮಾಣದ ರಿಪೇರಿ. ಮಳೆಗಾಲಕ್ಕೆ ಮೊದಲು ಮಾಡಿಗೆ ಏಣಿಯಿಟ್ಟು ಒಡೆದ ಹಂಚುಗಳನ್ನು ಬದಲಿಸುವ ನಮ್ಮ ಕರಾವಳಿ, ಮಲೆನಾಡಿನ ಜನರಿಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ.

ನಮ್ಮ ಗೋಡೆಗಳು, ನಮ್ಮ ಮನುಷ್ಯರು

ಅಸ್ಸೀಸಿಯ ಸಂತ ಫ್ರಾನ್ಸಿಸರ ಕಥೆ ನಿಮಗೆಲ್ಲ ತಿಳಿದದ್ದೇ. ಸುಮಾರು 1205ರಲ್ಲಿ, ಪಾಳುಬಿದ್ದ ಸಂತ ದಮಿಯಾನೋ ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದ ಅವರಿಗೆ, ತನ್ನ ಮನೆಯನ್ನು ಸರಿಪಡಿಸಬೇಕೆಂಬ ಶಿಲುಬೆಯ ಸ್ವಾಮಿಯ ಕರೆ ಕೇಳಿಸಿತೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಲತೀನ್ ಚರಿತ್ರೆಯಲ್ಲಿರುವ ಪದ 'ರೆಪಾರಾ', ಮತ್ತೆ ಸಿದ್ಧಗೊಳಿಸು. ಫ್ರಾನ್ಸಿಸರು ಅದನ್ನು ಕಲ್ಲುಗಾರೆಯ ಕೆಲಸವೆಂದೇ ತಿಳಿದು ಕೈಯಾರೆ ಕಲ್ಲು ಹೊತ್ತರು. ಧರ್ಮಸಭೆಯೆಂಬ ಮನೆಯ ಕುರಿತೂ ಆ ಮಾತು ಅನ್ವಯಿಸುತ್ತದೆಂಬ ಅರಿವು ನಿಧಾನವಾಗಿ ಮೂಡಿತು. ಎರಡರಲ್ಲಿಯೂ ಅವರು ಹಳೆಯದನ್ನು ಕೆಡವಿ ಬೇರೊಂದನ್ನು ಕಟ್ಟಲಿಲ್ಲ.

1997ರ ಸೆಪ್ಟೆಂಬರ್ 26ರಂದು ಅಸ್ಸೀಸಿಯಲ್ಲಿ ಭೂಕಂಪವಾಗಿ ಸಂತ ಫ್ರಾನ್ಸಿಸರ ಮಹಾದೇವಾಲಯದ ಚಾವಣಿಯ ಭಾಗಗಳು ಕುಸಿದು ನಾಲ್ವರು ಮೃತಪಟ್ಟರು. ಚಿತ್ರಕಾರ ಚಿಮಾಬ್ವೆ ಬರೆದಿದ್ದ ಸಂತ ಮತ್ತಾಯನ ಚಿತ್ರವೂ ಪುಡಿಯಾಯಿತು. ನೆಲದ ಮೇಲಿನ ಚೂರುಗಳನ್ನು ತಾಳ್ಮೆಯಿಂದ ಆರಿಸಿ, ಸಿಕ್ಕಷ್ಟನ್ನು ಅವುಗಳ ಜಾಗಕ್ಕೆ ಸೇರಿಸಲಾಯಿತು. ಸಿಗದುದನ್ನು ಹೊಸದಾಗಿ ಚಿತ್ರಿಸಿ ಹಳೆಯದೆಂದು ತೋರಿಸಲಿಲ್ಲ. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದಲ್ಲಿಯೂ ಯೇಸುಸಭೆಯ ಸಹೋದರ ಅಂತೋನಿಯೋ ಮೊಸ್ಕೇನಿಯವರು 1900ರ ಆಸುಪಾಸಿನಲ್ಲಿ ರಚಿಸಿದ ಚಿತ್ರಗಳನ್ನು 1990ರ ದಶಕದಲ್ಲಿ ತಜ್ಞರು ಸಂರಕ್ಷಿಸಿದರು. ಮಾಸಿದ ಚಿತ್ರದ ಮೇಲೆ ಹೊಸ ಬಣ್ಣ ಬಳಿಯುವುದು ಅದಕ್ಕಿಂತ ಬಹಳ ಸುಲಭವಾಗಿತ್ತು ಎಂಬುದನ್ನು ಮರೆಯಬಾರದು.

ವಾಚಕರೇ, ನಿಮ್ಮ ಧರ್ಮಕೇಂದ್ರದಲ್ಲಿ ಹಳೆಯ ದೇವಾಲಯದ ಕುರಿತು ಸಭೆ ಸೇರಿದಾಗ ಈ ಪದಗಳನ್ನು ನೆನಪಿಸಿಕೊಳ್ಳಿರಿ. ನಾವು ಮಾಡಹೊರಟಿರುವುದು ಯಾವುದು? ಸೋರುವ ಮಾಡಿನ ರಿಪೇರಿಯೇ, ಹಿಂದಿನದನ್ನು ಹಿಂದಿರುಗಿಸುವುದೇ, ಅಥವಾ ಹೊಸದನ್ನು ಕಟ್ಟುವುದೇ? ಜನ ಹೆಚ್ಚಾದಾಗ ಹೊಸದು ಬೇಕಾಗಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಹೊಸದನ್ನು ಕಟ್ಟುತ್ತಿದ್ದೇವೆಂದು ಅರಿತು ಕಟ್ಟಬೇಕು. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಅಜ್ಜ ಅಜ್ಜಿಯರು ಮೊಣಕಾಲೂರಿದ ನೆಲವನ್ನು ಲೆಕ್ಕಕ್ಕಿಲ್ಲದಂತೆ ಕೀಳಬಾರದು.

ಗೋಡೆಗಿಂತ ಮನುಷ್ಯನು ದೊಡ್ಡವನು. ಕುಡಿತಕ್ಕೆ ಬಿದ್ದ ಮಗ, ಮನೆ ಬಿಟ್ಟುಹೋದ ಮಗಳು, ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಕುಟುಂಬಗಳಲ್ಲಿದ್ದಾರೆ. ಅವರನ್ನು ಸರಿಪಡಿಸಬೇಕೆನ್ನುವಾಗ ನಮ್ಮ ಮನಸ್ಸಿನಲ್ಲಿರುವ ಪದ ಯಾವುದು? ಮೊಳೆ ಹೊಡೆದು ನಿಲ್ಲಿಸುವ ಫಿಕ್ಸ್ ಆಗಿದ್ದರೆ ಅವರು ನಿಲ್ಲುವುದಿಲ್ಲ. ನಮಗೆ ಮೆಚ್ಚಾದ ಯಾವುದೋ ಹಳೆಯ ಚಿತ್ರದಂತೆ ಅವರನ್ನು ಕೆರೆದು ತಿದ್ದಹೊರಟರೆ, ನಮಗೆ ಕಾಣದ ಒಳ್ಳೆಯದೂ ಗಾರೆಯೊಂದಿಗೆ ಉದುರೀತು. ಧರ್ಮಸಭೆಯು ಪಾಪನಿವೇದನೆಯ ಸಂಸ್ಕಾರದಲ್ಲಿ ಕಲಿಸುವ ಕ್ರಮ ಬೇರೆ. ಅಲ್ಲಿ ದೇವರು ಕಳೆದುಹೋದ ಪುತ್ರತ್ವವನ್ನು ಹಿಂದಿರುಗಿಸುತ್ತಾರೆ, ಅದು ರೆಸ್ಟೋರ್. ನಾವು ನಡತೆಯನ್ನು ತಿದ್ದಿಕೊಳ್ಳುವ ದೃಢಸಂಕಲ್ಪ ಮಾಡುತ್ತೇವೆ, ಅದು ಅಮೆಂಡ್. ಕದ್ದುದನ್ನು ಮರಳಿಸಿ, ಕೆಡಿಸಿದ ಹೆಸರನ್ನು ಸರಿಮಾಡಿ, ನೆರೆಯವರಿಗೆ ಆದ ಹಾನಿಯನ್ನು ತುಂಬಿಕೊಡುತ್ತೇವೆ; ಅದು ರಿಪೇರ್. ಕ್ಷಮೆ ಪಾಪವನ್ನು ನೀಗಿಸಿದರೂ ಪಾಪದಿಂದಾದ ಹಾನಿಯೆಲ್ಲ ತಾನಾಗಿ ಸರಿಹೋಗುವುದಿಲ್ಲವೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವೂ ತಿಳಿಸುತ್ತದೆ. ಈ ಮೂರರಲ್ಲಿ ಯಾವುದೊಂದನ್ನು ಬಿಟ್ಟರೂ ಕೆಲಸ ಅಪೂರ್ಣ.

ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಜೆರುಸಲೇಮಿನ ಬಿದ್ದ ಗೋಡೆಯನ್ನು ಸರಿಪಡಿಸಿದವರ ಉದ್ದನೆಯ ಪಟ್ಟಿಯಿದೆ. ಅಕ್ಕಸಾಲಿಗನಿದ್ದಾನೆ, ಸುಗಂಧದ್ರವ್ಯ ಮಾಡುವವನಿದ್ದಾನೆ, ತಂದೆಯೊಡನೆ ದುಡಿದ ಹೆಣ್ಣುಮಕ್ಕಳಿದ್ದಾರೆ. ಅನೇಕರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನು ಕಟ್ಟಿದರು. ಇಂಗ್ಲಿಷ್ ಬೈಬಲ್ 'ರಿಪೇರ್' ಎಂದು ಮತ್ತೆ ಮತ್ತೆ ಹೇಳುವಲ್ಲಿ ಹೀಬ್ರೂ ಮೂಲದಲ್ಲಿರುವ ಪದದ ಅರ್ಥ ಬಲಪಡಿಸುವುದು, ಬಿಗಿಯಾಗಿ ಹಿಡಿಯುವುದು. ನಮ್ಮ ಮನೆಯೆದುರು ಬಿದ್ದಿರುವುದನ್ನು ಕೈಯಲ್ಲಿ ಹಿಡಿದು ಬಲಪಡಿಸುವುದರಿಂದಲೇ ನಾವೂ ಆರಂಭಿಸೋಣ. ಅದು ಕಲ್ಲಾಗಿರಲಿ, ಮನುಷ್ಯನಾಗಿರಲಿ, ಉಳಿದಿರುವ ಎಳೆಗಳನ್ನು ಮೊದಲು ಹುಡುಕೋಣ.